ಒಣಗಲು ಬಿಟ್ಟ ದಿನಗಳು

ಮಗಳ ಶಾಲೆಯ ಡೈರಿಯಲ್ಲಿ ‘ಗೈರುಹಾಜರಿಗೆ ಕಾರಣ’ ಎಂಬ ಗೆರೆಯ ಮುಂದೆ ಅವಳು ‘ಜ್ವರ’ ಎಂದು ಬರೆದು ಸಹಿ ಹಾಕಿದಳು. ಎದುರಿಗೆ ಒಂದು ಕಾಲಿಗೆ ಕಾಲುಚೀಲ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲೇ ಹಿಡಿದು ಕೂತಿದ್ದ ಮಗಳು ಅದನ್ನು ತಲೆಕೆಳಗಾಗಿಯೇ ಓದಿ, “ನಂಗೆ ಜ್ವರ ಎಲ್ಲಿತ್ತಮ್ಮ?” ಎಂದಳು.

“ಸ್ವಲ್ಪ ಮೈ ಬೆಚ್ಚಗಿತ್ತು ಬಿಡು.”

“ಇರಲಿಲ್ಲ. ನಿಂಗೆ ಮೀಟಿಂಗ್ ಇತ್ತು, ಅಪ್ಪ ಡ್ಯೂಟಿಯಿಂದ ಬಂದಿರಲಿಲ್ಲ, ಬಸ್ಸು ಹೋಗಿಬಿಡ್ತು.”

“ಅಷ್ಟೆಲ್ಲ ಈ ಒಂದು ಗೆರೇಲಿ ಹಿಡಿಸತ್ತಾ? ಕಾಲುಚೀಲ ಹಾಕ್ಕೋ, ಹೊತ್ತಾಯ್ತು.”

“ಜ್ವರ ಬಂದೋರಿಗೆ ಒಂದು ವಾರ ಐಸ್‌ಕ್ರೀಂ ಇಲ್ಲ ನೋಡು ಪುಟ್ಟಿ,” ಎಂದು ಗಂಡ ಹಾಸಿಗೆಯಿಂದಲೇ ಕೂಗಿದ. ಮಗಳು ನಗಲಿಲ್ಲ. ಕಾಲುಚೀಲ ಹಿಡಿದಿದ್ದ ಕೈಯ ಹಿಂಬದಿಯನ್ನು ತನ್ನ ಕುತ್ತಿಗೆಗೆ ಒತ್ತಿ, ಅಮ್ಮ ಒತ್ತಿ ನೋಡುವ ಹಾಗೆಯೇ ಒತ್ತಿ, ಕಣ್ಣು ಮುಚ್ಚಿ ಏನನ್ನೋ ಕಾಯುತ್ತಿದ್ದಳು. ನಿಜಕ್ಕೂ ಇತ್ತೇನೋ, ತನಗೇ ತಿಳಿಯದೆ ಬಂದು ಹೋಯಿತೇನೋ ಎಂದು ಆ ಒಂಬತ್ತು ವರ್ಷದ ಮುಖ ಗಂಭೀರವಾಗಿ ತನ್ನನ್ನೇ ಅನುಮಾನಿಸುತ್ತಿರುವುದನ್ನು ಅವಳು ಕಂಡಳು. ಬರೆದದ್ದು ತಾನು, ಜ್ವರ ಬಂದದ್ದು ಮಗುವಿನ ಹೆಸರಿಗೆ. ಡೈರಿಯನ್ನು ಬ್ಯಾಗಿನೊಳಗೆ ತುರುಕಿ ಜಿಪ್ಪು ಎಳೆದಳು. ಹನ್ನೊಂದು ಗಂಟೆಗೆ ಇದೆಯಲ್ಲ, ಅದೊಂದು ಮುಗಿಯಲಿ ಎಂದುಕೊಂಡಳು.

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಹನ್ನೊಂದರ ಸಭೆಯಲ್ಲಿ ಹೇಳಬೇಕಾದ ವಾಕ್ಯವನ್ನು ಮತ್ತೆ ಮತ್ತೆ ಹೇಳಿಕೊಂಡಳು. ಆ ದಿನಗಳು ಮೇಸ್ತ್ರಿಯವಲ್ಲ, ನನ್ನವು. ನಾಲ್ಕೇ ಪದ. ಶಾಲೆಯಲ್ಲಿ ಭಾಷಣ ಸ್ಪರ್ಧೆಗೆ ಬಾಯಿಪಾಠ ಮಾಡಿ ವೇದಿಕೆ ಹತ್ತಿದಾಗ ಮೊದಲ ಪದವೇ ಮರೆತುಹೋಗಿ, ಮುಂದಿನ ಸಾಲಿನಲ್ಲಿ ಕೂತ ಅಪ್ಪ ತುಟಿಯಾಡಿಸಿ ತೋರಿಸುತ್ತಿದ್ದದ್ದು ನೆನಪಾಯಿತು. ಈಗ ಯಾರು ತೋರಿಸುತ್ತಾರೆ. ಶುಕ್ರವಾರ ಸಂಜೆ ಕಟ್ಟಡ ಕಂಪನಿಯಿಂದ ಬಂದ ಪತ್ರದಲ್ಲಿ ಇವತ್ತಿನ ಸಭೆಯ ಮೂರನೆಯ ವಿಷಯ: ಗಾರೆ ತಂಡಗಳಲ್ಲಿ ಯಾರನ್ನು ಮುಂದುವರಿಸುವುದು. ಈಗ ಮುಗಿಯುತ್ತಿರುವುದು ಒಂದು ಆಸ್ಪತ್ರೆಯ ಹೊಸ ಕಟ್ಟಡ. ಮುಂದಿನ ಕಟ್ಟಡದಲ್ಲಿ ಅರ್ಧಕ್ಕರ್ಧ ಗೋಡೆಗಳು ಕಾರ್ಖಾನೆಯಲ್ಲೇ ತಯಾರಾಗಿ ಲಾರಿಯಲ್ಲಿ ಬರುತ್ತವೆ, ನೆಟ್ಟು ನಿಲ್ಲಿಸಿದರೆ ಮುಗಿಯಿತು. ಅವಕ್ಕೆ ಒಣಗುವ ಗೊಡವೆಯಿಲ್ಲ. ಉಳಿದ ಅರ್ಧಕ್ಕೆ ಎರಡು ತಂಡ ಬೇಡ, ಒಂದು ಸಾಕು. ಯಾವ ಒಂದು ಎಂದು ಇವತ್ತು ಹನ್ನೊಂದಕ್ಕೆ ತೀರ್ಮಾನ. ತೀರ್ಮಾನವಾದ ಹಾಗೆಯೇ. ಅಂಕೆ ಎಲ್ಲರ ಕಣ್ಣೆದುರಿಗಿದೆ. ಅವಳೊಬ್ಬಳು ಬಾಯಿಬಿಟ್ಟರೆ ಮಾತ್ರ ಆ ಅಂಕೆ ಸುಳ್ಳಾಗುತ್ತದೆ.

ಕಬ್ಬಿಣದ ಪೆಟ್ಟಿಗೆಯಂಥ ಆಫೀಸು, ಒಳಗೆ ಎರಡು ಮೇಜು. ಒಂದು ಅವಳದು, ಇನ್ನೊಂದು ಕಟ್ಟಡದ ನಕ್ಷೆ ನೋಡಿಕೊಳ್ಳುವ ನಕ್ಷೆಯವನದು. ಬೆಳಗ್ಗೆ ಒಂಬತ್ತಕ್ಕೆ ನಿಂತೇ ಮಾಡುವ ಸಭೆ. ಕೂತರೆ ಮಾತು ಬೆಳೆಯುತ್ತದೆ, ಆದ್ದರಿಂದ ಜಗತ್ತಿನಲ್ಲೆಲ್ಲ ಈಗ ನಿಂತೇ ಮಾಡುತ್ತಾರೆ ಎಂದು ಹೋದ ವರ್ಷ ಒಂದು ವಿಡಿಯೋ ತೋರಿಸಿದ್ದರು. ಪರದೆಯ ಮೇಲೆ ಒಂಬತ್ತು ಚೌಕ, ಒಂಬತ್ತು ಮುಖ. ಒಬ್ಬರಿಗೆ ಬೆಳಗು, ಒಬ್ಬರಿಗೆ ಮಧ್ಯಾಹ್ನ, ಒಬ್ಬ ಆಗಲೇ ಊಟ ಮುಗಿಸಿ ಹಲ್ಲಿಗೆ ಕಡ್ಡಿ ಆಡಿಸುತ್ತಿರುತ್ತಾನೆ. ಎದೆಯಿಂದ ಕೆಳಗೆ ಯಾರದೂ ಕಾಣುವುದಿಲ್ಲ. ಮಂಡಿ ನೋಯಿಸಿಕೊಂಡು ನಿಜವಾಗಿ ನಿಲ್ಲುವವಳು ತಾನೊಬ್ಬಳೇ ಏನೋ ಎಂದು ಅವಳಿಗೆ ದಿನವೂ ಅನ್ನಿಸುತ್ತದೆ, ಆದರೂ ಕೂರುವ ಧೈರ್ಯ ಬಂದಿಲ್ಲ. ಅದೇ ವರ್ಷ ಅವಳ ಹೆಸರಿನ ಮುಂದಿದ್ದ ಮ್ಯಾನೇಜರ್ ಎಂಬುದು ಹೋಗಿ ‘ಅನುಕೂಲ ಸಂಯೋಜಕಿ’ ಎಂದಾಯಿತು. “ಅನುಕೂಲ ಯಾರಿಗೆ, ಕೇಳಿ ತಿಳ್ಕೊಂಡು ಸಂಯೋಜಿಸಿ,” ಎಂದು ನಕ್ಷೆಯವನು ನಕ್ಕಿದ್ದ. ಸಂಬಳ ಅದೇ, ಕುರ್ಚಿ ಅದೇ, ಮಂಡಿನೋವು ಹೊಸದು.

ಜೋಯಿಸರು ಎಂದು ಹೆಸರಿಟ್ಟವನೂ ಅವನೇ. ಕಂಪನಿ ಎಲ್ಲ ದೇಶಗಳ ತನ್ನ ಕೆಲಸಗಳನ್ನು ಒಂದೇ ಪರದೆಗೆ ತಂದು, ಹತ್ತು ವರ್ಷದ ಹಳೆಯ ವೇಳಾಪಟ್ಟಿಗಳನ್ನೆಲ್ಲ ಒಂದು ಯಂತ್ರಕ್ಕೆ ಉಣಿಸಿತ್ತು. ಯಾವ ಕೆಲಸ ಯಾವತ್ತು ಮುಗಿಯುತ್ತದೆ ಎಂದು ಇನ್ನು ಮುಂದೆ ಮನುಷ್ಯರನ್ನು ಕೇಳಬೇಕಾಗಿಲ್ಲ, ಅದೇ ಹೇಳುತ್ತದೆ. “ಜೋಯಿಸರು ಏನಂದ್ರು ಇವತ್ತು? ದಕ್ಷಿಣೆ ಕೇಳಲ್ಲವಲ್ಲ, ಅದೇ ಪುಣ್ಯ,” ಎಂದು ನಕ್ಷೆಯವನು ದಿನಾ ಕೇಳುತ್ತಿದ್ದ. ಜೋಯಿಸರು ಮನುಷ್ಯರ ಜಾತಕವನ್ನೂ ಬರೆಯುತ್ತಾರೆ ಎಂಬುದು ಹೋದ ತಿಂಗಳು ತಿಳಿಯಿತು. ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ಅಂಕೆ. ಒಂದು ಎಂದರೆ ಹೇಳಿದ ದಿನಕ್ಕೆ ಮುಗಿಸುವವನು. ಗಾರೆ ಮೇಸ್ತ್ರಿಯ ಹೆಸರಿನ ಮುಂದೆ ಒಂದು ದಶಾಂಶ ಆರು ಎರಡು. ಈತ ಹತ್ತು ದಿನ ಎಂದರೆ ಹದಿನಾರು ಹಿಡಿಯುತ್ತದೆ, ಮಾತಿಗೆ ನಿಲ್ಲುವವನಲ್ಲ ಎಂದು ಅರ್ಥ. ಕೆಂಪು ಬಣ್ಣ. ಅವಳ ಹೆಸರಿನ ಮುಂದೆ ಒಂದು ದಶಾಂಶ ಸೊನ್ನೆ ಎರಡು. ಹಸಿರು.

ಅಂಕೆ ಸುಳ್ಳಲ್ಲ, ಲೆಕ್ಕದಲ್ಲಿ ತಪ್ಪಿಲ್ಲ. ಅದಕ್ಕೆ ಉಣಿಸಿದ್ದೇ ಸುಳ್ಳು. ಉಣಿಸಿದವಳು ತಾನು. ಮೇಸ್ತ್ರಿಯನ್ನು ಎಷ್ಟು ದಿನ ಎಂದು ಕೇಳಿದರೆ ಬಾಯಲ್ಲಿ ಹೇಳುತ್ತಿರಲಿಲ್ಲ, ಸಿಮೆಂಟು ಮೆತ್ತಿದ ಬೆರಳುಗಳನ್ನು ಎತ್ತಿ ತೋರಿಸುತ್ತಿದ್ದ. ಒಂಬತ್ತು ಬೆರಳು ಎಂದರೆ ಒಂಬತ್ತನೆಯ ದಿನ ಸಂಜೆ ಗಾರೆ ಮೆತ್ತುವ ಕರಣೆ ತೊಳೆದು ಬಕೆಟ್ಟಿಗೆ ಹಾಕುವ ಸದ್ದು ಕೇಳಿಸುತ್ತಿತ್ತು. ಆಮೇಲೆ ಗೋಡೆಗೆ ನೀರು ಕುಡಿಸುವುದು, ಆಮೇಲೆ ಒಣಗಲು ಬಿಡುವುದು, ಆಮೇಲೆ ಅವಳು ಬಂದು ಮುಟ್ಟಿ ನೋಡಿ ಸಹಿ ಹಾಕುವುದು. ಸಹಿ ಬೀಳುವ ತನಕ ಬಣ್ಣದವರು ಒಳಗೆ ಕಾಲಿಡುವಂತಿಲ್ಲ. ಆರು ವರ್ಷದ ಹಿಂದೆ, ಬೇರೆ ಕಟ್ಟಡದಲ್ಲಿ, ಒಂದು ಸೋಮವಾರ ಅವಳು ಬರಲಾಗಲಿಲ್ಲ. ಮೂರು ವರ್ಷದ ಮಗಳಿಗೆ ಉಸಿರು ಕಟ್ಟುತ್ತಿತ್ತು. ಮಕ್ಕಳ ಉಸಿರಿನ ಡಾಕ್ಟರು ಸೋಮವಾರ ಮಾತ್ರ ನೋಡುತ್ತಿದ್ದರು. ಆ ಉದ್ದನೆಯ ಬೆಂಚು, ಗೋಡೆಯ ಮೇಲೆ ಬಿಡಿಸಿದ ಜಿರಾಫೆ, ಜಿರಾಫೆಯ ಕುತ್ತಿಗೆಯ ಬಳಿ ಬಣ್ಣ ಗುಳ್ಳೆಯೆದ್ದು ಸಿಪ್ಪೆ ಸುಲಿದಿದ್ದದ್ದು, ಒದ್ದೆ ಗೋಡೆಗೆ ಬಳಿದಿದ್ದಾರೆ ಎಂದು ಆ ಹೊತ್ತಿನಲ್ಲೂ ಅವಳಿಗೆ ಹೊಳೆದದ್ದು. ಮಗುವಿನ ಮೂಗಿಗೆ ಹಿಡಿದ ಮುಖವಾಡದೊಳಗೆ ಹೊಗೆಯಂಥ ಔಷಧಿ ತುಂಬಿ ಖಾಲಿಯಾಗುವುದನ್ನು ಎಣಿಸುತ್ತ ಕೂತಿದ್ದಾಗ ಫೋನು ಮೂರು ಸಲ ಅಲುಗಿತ್ತು. ಮಾರನೆಯ ದಿನ ಆ ಒಂದು ದಿನ ಎಲ್ಲಿ ಹೋಯಿತೆಂದು ಪಟ್ಟಿಯಲ್ಲಿ ತೋರಿಸಬೇಕಿತ್ತು. ತಪಾಸಣೆ ಎಂಬ ತನ್ನ ಸಾಲಿನಲ್ಲಿ ತೋರಿಸಿದರೆ ಮಗು ಹೆತ್ತ ಹೆಂಗಸರ ಬಗ್ಗೆ ಆಗಿನ ಮುಖ್ಯಸ್ಥ ಆಡುವ ಮಾತು ಅವಳಿಗೆ ಗೊತ್ತಿತ್ತು. ಮೇಸ್ತ್ರಿಯ ಸಾಲಿನಲ್ಲಿ ‘ಒಣಗಿಲ್ಲ’ ಎಂದು ಬರೆದಳು. ಯಾರೂ ಏನೂ ಕೇಳಲಿಲ್ಲ. ಒಣಗುವುದನ್ನು ಯಾರು ಪ್ರಶ್ನಿಸುತ್ತಾರೆ? ಗೋಡೆ ಒಣಗುವುದು ಮೋಡದ ಹಾಗೆ, ಮುಪ್ಪಿನ ಹಾಗೆ, ಯಾರ ತಪ್ಪೂ ಅಲ್ಲ. ಮೇಸ್ತ್ರಿ ಕಂಪ್ಯೂಟರಿನ ಹತ್ತಿರ ಸುಳಿಯುವವನಲ್ಲ, ಆತನ ಕೂಲಿ ಗೋಡೆಯ ಅಳತೆಗೇ ಹೊರತು ದಿನಕ್ಕಲ್ಲ. ಯಾರಿಗೂ ಏನೂ ನಷ್ಟವಾಗಲಿಲ್ಲವಲ್ಲ ಎಂದುಕೊಂಡಳು.

ಮಗಳಿಗೆ ವಾಸಿಯಾಗಿ ಎರಡು ವರ್ಷವಾಯಿತು. ಬರೆಯುವುದು ನಿಲ್ಲಲಿಲ್ಲ. ಶಾಲೆಯ ಪಾಲಕರ ಸಭೆ ಒಣಗಿಲ್ಲ, ಗಂಡನ ಪಾಳಿ ಬದಲಾದದ್ದು ಒಣಗಿಲ್ಲ, ಅವಳಿಗೇ ತಲೆ ಎತ್ತಲಾಗದಷ್ಟು ಸುಸ್ತಾದದ್ದು ಒಣಗಿಲ್ಲ. ಒಂದು ಸೋಮವಾರ ಯಾವ ಕಾರಣವೂ ಇರಲಿಲ್ಲ. ಇಳಿಯಬೇಕಾದ ನಿಲ್ದಾಣ ಬಂದಾಗ ಎದ್ದು ನಿಲ್ಲಲು ಕಾಲು ಬರಲಿಲ್ಲ. ಬಸ್ಸು ಕೊನೆಯ ನಿಲ್ದಾಣಕ್ಕೆ ಹೋಯಿತು. ಡ್ರೈವರು ತಿರುಗಿ ನೋಡಿ, “ಇಳಿಯಲ್ವಾ ಅಕ್ಕಾ?” ಎಂದ. ಅದೇ ಬಸ್ಸಿನಲ್ಲಿ ವಾಪಸ್ಸು ಬಂದಳು, ಮತ್ತೆ ಹೋದಳು. ಕಿಟಕಿಯ ಗಾಜಿಗೆ ಹಣೆ ಒತ್ತಿಕೊಂಡು, ಯಾರಿಗೂ ಬೇಕಾಗದೆ, ಇಡೀ ಬೆಳಗ್ಗೆ. ಆ ದಿನವೂ ಮೇಸ್ತ್ರಿಯ ಸಾಲಿನಲ್ಲೇ ಇದೆ. ಅದು ಮಾತ್ರ ತನ್ನ ಜೀವನದ ಒಳ್ಳೆಯ ದಿನಗಳಲ್ಲೊಂದು ಎಂದು ಯಾರ ಹತ್ತಿರ ಹೇಳಿಕೊಳ್ಳುವುದು.

ಹನ್ನೊಂದಕ್ಕೆ ನಕ್ಷೆಯವನು ಅಳತೆಗೆಂದು ಹೊರಗೆ ಹೋಗಿದ್ದ. ಪಕ್ಕದಲ್ಲಿ ಯಾರೋ ಗೋಡೆಗೆ ತೂತು ಕೊರೆಯುತ್ತಿದ್ದರು. ಅವಳು ಹೆಡ್‌ಫೋನು ಹಾಕಿಕೊಂಡಳು, ಆ ಗದ್ದಲ ಆ ಕಡೆಯವರಿಗೆ ಕೇಳಿಸದಿರಲಿ ಎಂದು ತನ್ನ ಮೈಕನ್ನು ಆಫ್ ಮಾಡಿದಳು. ಮೊದಲು ಬಂದ ಮುಖ ವಲಯದ ಮುಖ್ಯಸ್ಥನದು. ಅವನನ್ನು ಅವಳು ನೇರವಾಗಿ ಒಮ್ಮೆಯೂ ಕಂಡಿಲ್ಲ. ಅವನ ಎಡಗಿವಿಯ ಮೇಲಿನ ಮಚ್ಚೆಯಷ್ಟು ಚೆನ್ನಾಗಿ ತನ್ನ ಗಂಡನ ಮುಖವೂ ಗೊತ್ತಿಲ್ಲವೇನೋ ಅನ್ನಿಸುತ್ತಿತ್ತು. ಅವನ ಪಕ್ಕದ ಚೌಕದಲ್ಲಿ ಅಂಕೆಗಳ ಹುಡುಗಿ. ಬೆನ್ನ ಹಿಂದೆ ಯಾವಾಗಲೂ ಒಂದು ಕುಂಡದ ಗಿಡ, ನಕ್ಷೆಯವನ ಬಾಯಲ್ಲಿ ಗಿಡದ ಹುಡುಗಿ. ಮೊದಲ ವಿಷಯ ಅಭಿನಂದನೆ. ಈ ವಲಯದಲ್ಲೇ ಅತ್ಯಂತ ನಂಬಿಕಸ್ತ ಸಂಯೋಜಕಿ ಎಂದು ಅವಳ ಹೆಸರು ಪರದೆಯ ತುಂಬ ಬಂತು. ಒಂಬತ್ತು ಚೌಕಗಳಲ್ಲೂ ಕೈಗಳು ಚಪ್ಪಾಳೆ ತಟ್ಟಿದವು. ಎಲ್ಲರ ಮೈಕೂ ಆಫ್ ಇದ್ದುದರಿಂದ ಸದ್ದೇ ಇರಲಿಲ್ಲ. ಮೀನುಗಳು ರೆಕ್ಕೆ ಆಡಿಸಿದ ಹಾಗೆ ಕಾಣಿಸಿತು. ಅವಳು ಕೈ ಮುಗಿದಳು.

ಮೂರನೆಯ ವಿಷಯಕ್ಕೆ ಗಿಡದ ಹುಡುಗಿ ಒಂದು ಗ್ರಾಫ್ ತೆಗೆದಳು. ದಯವಿಟ್ಟು ಎಂಬ ಪದವಿಲ್ಲದೆ ಮಾತೇ ಆಡದ ಹುಡುಗಿ. “ದಯವಿಟ್ಟು ಇಲ್ಲಿ ನೋಡಿ. ಈ ಮೇಸ್ತ್ರಿಯವರ ವಿಳಂಬ ಎಲ್ಲ ದಿನ ಸಮನಾಗಿ ಹರಡಿಕೊಂಡಿಲ್ಲ. ಹೆಚ್ಚಿನವು ಸೋಮವಾರ. ಹವಾಮಾನಕ್ಕೂ ಇದಕ್ಕೂ ಸಂಬಂಧ ಕಾಣಲ್ಲ. ಸೋಮವಾರದ ಇಂಥ ಗುಂಪು ಬೇರೆ ದೇಶಗಳ ಕೆಲಸಗಳಲ್ಲೂ ಸಿಕ್ಕಿದೆ. ಅಲ್ಲೆಲ್ಲ ಸಾಮಾನ್ಯವಾಗಿ ಕಾರಣ…” ಹುಡುಗಿ ತಡೆದು ಹಿತವಾಗಿ ನಕ್ಕಳು, “ಭಾನುವಾರದ ಕುಡಿತ.”

“ಇದ್ದೀತು,” ಎಂದ ಮುಖ್ಯಸ್ಥ. “ಸ್ಥಳದಲ್ಲಿರೋರು ಏನಂತೀರಿ? ನಿಮಗೆ ಗೊತ್ತಿರತ್ತಲ್ಲ ಅವನ ವಿಷಯ.”

ಅವಳು ಕುರ್ಚಿಯಿಂದ ಅರ್ಧ ಎದ್ದಿದ್ದಳು. ನಾಲ್ಕು ಪದ ಎಲ್ಲಿಗೋ ಹೋಗಿ ಅವುಗಳ ಜಾಗದಲ್ಲಿ ಬೇರೆ ಮಾತು ತಾನಾಗಿ ಬಂತು. “ಮೇಸ್ತ್ರಿ ಕುಡಿಯೋದಿಲ್ಲ,” ಎಂದಳು. “ಆ ಸೋಮವಾರಗಳು ಅವರದ್ದಲ್ಲ, ನನ್ನವು. ಮಗಳಿಗೆ ಉಸಿರಾಟದ ತೊಂದರೆ ಇತ್ತು, ಸೋಮವಾರ ಸೋಮವಾರ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಿತ್ತು. ತಪಾಸಣೆಗೆ ಬಾರದೇ ಇದ್ದೋಳು ನಾನು. ಗೋಡೆ ಒಣಗಿರ್ತಿತ್ತು. ಒಣಗಿಲ್ಲ ಅಂತ ಅವರ ಹೆಸರಲ್ಲಿ ನಾನೇ ಬರೀತಿದ್ದೆ. ಒಂದು ಸಲ ಅಲ್ಲ, ಆರು ವರ್ಷ. ಅವರು ಹೇಳಿದ ದಿನಕ್ಕೆ ಮುಗಿಸದೇ ಇದ್ದದ್ದು ನಾನು ಒಂದು ದಿನಾನೂ ನೋಡಿಲ್ಲ. ಅಂಕೆ ತಿದ್ದಬೇಕು. ನಂದನ್ನೂ.” ಹೇಳುತ್ತ ಹೇಳುತ್ತ ಎದೆಯೊಳಗೆ ಎಷ್ಟೋ ವರ್ಷದಿಂದ ಮುಚ್ಚಿದ್ದ ಕಿಟಕಿ ಕಿರುಗುಟ್ಟಿ ತೆರೆದಂತೆ ಗಾಳಿ ಬಂತು. ಎದುರಿನ ಚೌಕದಲ್ಲಿ ಒಬ್ಬ ತಲೆಯಾಡಿಸಿದ. ಅರ್ಥವಾಯಿತು, ಪರವಾಗಿಲ್ಲ ಎಂದು ತಲೆಯಾಡಿಸಿದ ಹಾಗಿತ್ತು. ಅವನ ಮೇಲೆ ಅವಳಿಗೆ ಅಣ್ಣನ ಮೇಲಿನಂಥ ಅಕ್ಕರೆ ಉಕ್ಕಿತು. ಮುಖ್ಯಸ್ಥ ಕಿವಿ ಕೆರೆದುಕೊಂಡ. ಗಿಡದ ಹುಡುಗಿ ಲೋಟದಿಂದ ಒಂದು ಗುಟುಕು ಕುಡಿದು ಪರದೆಗೆ ಹತ್ತಿರ ಬಾಗಿದಳು.

“ದಯವಿಟ್ಟು, ನಿಮ್ಮ ಮೈಕ್ ಆಫ್ ಇದೆ ಅನ್ಸತ್ತೆ. ತುಟಿ ಮಾತ್ರ ಕಾಣ್ತಿದೆ.”

“ಮೂಕಿ ಚಿತ್ರ ನೋಡಿದ ಹಾಗಾಯ್ತು,” ಎಂದ ಮುಖ್ಯಸ್ಥ. ನಾಲ್ಕೈದು ಚೌಕಗಳು ನಕ್ಕವು. ತಲೆಯಾಡಿಸಿದ್ದವನು ಯಾರ ಜೊತೆಗೋ ಬೇರೆ ಫೋನಿನಲ್ಲಿ ಮಾತಾಡುತ್ತಿದ್ದ ಎಂದು ಈಗ ತಿಳಿಯಿತು.

ಮೈಕಿನ ಚಿತ್ರದ ಮೇಲೆ ಅಡ್ಡವಾಗಿ ಒಂದು ಕೆಂಪು ಗೆರೆ. ಅದನ್ನು ಎಳೆದವಳು ತಾನೇ, ಹತ್ತು ನಿಮಿಷದ ಹಿಂದೆ. ಮಾತಾಡುವಾಗ ಅದು ಕಂಡಿರಲಿಲ್ಲವೇ? ಪರದೆಯ ಕೆಳಗೆ, ತನ್ನ ಮುಖದ ಪಕ್ಕದಲ್ಲೇ ಇತ್ತು. ಮಾತಾಡುವಾಗೆಲ್ಲ ತಾನು ನೋಡುವುದು ತನ್ನ ಮುಖವನ್ನೇ. ಕಂಡಿದ್ದರೆ? ಕಂಡೇ ಮಾತಾಡಿದ್ದರೆ? ಈ ಪ್ರಶ್ನೆ ಇನ್ನು ತನ್ನನ್ನು ಬಿಡುವುದಿಲ್ಲ ಎಂದು ಆ ಕ್ಷಣವೇ ಅವಳಿಗೆ ಗೊತ್ತಾಯಿತು. ಬೆರಳು ಗುಂಡಿ ಒತ್ತಿತು, ಗೆರೆ ಹೋಯಿತು. ಹೊರಗೆ ಕೊರೆಯುವ ಸದ್ದು ನಿಂತಿತ್ತು. ಇಷ್ಟು ನಿಶ್ಶಬ್ದ ಈ ಡಬ್ಬದೊಳಗೆ ಯಾವತ್ತೂ ಇರಲಿಲ್ಲ.

“ಹೂಂ, ಈಗ ಹೇಳಿ. ಎರಡು ನಿಮಿಷ ಇದೆ,” ಎಂದ ಮುಖ್ಯಸ್ಥ.

“ಏನಿಲ್ಲ,” ಎಂದಳು. “ಕುಡಿಯೋದನ್ನ ನಾನು ನೋಡಿಲ್ಲ. ಅಷ್ಟೇ.”

“ನೋಡಿಲ್ಲ ಅಂತ ಬರ್ಕೋತೀವಿ. ಮುಂದಿನ ಕೆಲಸಕ್ಕೆ ಇನ್ನೊಂದು ತಂಡ. ನಿಮ್ಮ ಆಕ್ಷೇಪ ಏನಾದ್ರೂ?”

“ಇಲ್ಲ.”

“ಥ್ಯಾಂಕ್ಯೂ. ಒಂದು ನಿಮಿಷ ಉಳಿಸಿದ್ರಿ.”

ಚೌಕಗಳು ಒಂದೊಂದಾಗಿ ಆರಿದವು. ಕಪ್ಪು ಪರದೆಯಲ್ಲಿ ಅವಳ ಮುಖ, ಅದರ ಹಿಂದೆ ಬಾಗಿಲ ಬೆಳಕು, ಬೆಳಕಿನಲ್ಲಿ ಒಂದು ಆಕಾರ. ತಿರುಗಿದಳು. ಮೇಸ್ತ್ರಿ ಹೊಸ್ತಿಲಲ್ಲಿ ನಿಂತಿದ್ದ. ತೊಳೆದ ಕೈಗಳನ್ನು ಮೈಗೆ ತಾಗದಂತೆ ದೂರ ಹಿಡಿದಿದ್ದ, ಒರೆಸಿಕೊಳ್ಳಲು ಬಟ್ಟೆ ಹುಡುಕುವವನ ಹಾಗೆ.

“ಎಷ್ಟೊತ್ತಾಯ್ತು ಮೇಸ್ತ್ರಿ ಬಂದು?”

“ಈಗ್ತಾನೇ ಬಂದೆ ಮೇಡಂ. ಫೋನಲ್ಲಿದ್ರಿ, ಅದಕ್ಕೇ ನಿಂತೆ.”

ಆತನ ಬೆರಳುಗಳಿಂದ ನೀರು ಇಳಿದು ನೆಲದ ತಗಡಿನ ಮೇಲೆ ಎರಡು ಸಣ್ಣ ಮಡುಗಳಾಗಿದ್ದವು, ಒಂದು ಎಡಗೈ ಕೆಳಗೆ, ಒಂದು ಬಲಗೈ ಕೆಳಗೆ. ಈಗತಾನೇ ಬಂದವನ ಕೈಯಿಂದ ಅಷ್ಟು ನೀರು ಇಳಿಯುವುದಿಲ್ಲ. ಕೈಗಳು ಹೆಚ್ಚೂಕಡಿಮೆ ಒಣಗಿದ್ದವು. ಅವಳು ಆ ಮಡುಗಳನ್ನು ನೋಡಿದಳು, ಅವಳು ನೋಡುತ್ತಿರುವುದನ್ನು ಆತ ನೋಡಿದ, ಕಾಲಿನಿಂದ ಒಂದನ್ನು ಮೆಲ್ಲಗೆ ಒರೆಸಿದ. ಇಡೀ ಜಗತ್ತಿನಲ್ಲಿ ತನ್ನ ಮಾತನ್ನು ಕೇಳಿಸಿಕೊಂಡವನು ಇವನೊಬ್ಬ. ಆಮೇಲೆ ಆಡಿದ ಇನ್ನೊಂದು ಮಾತನ್ನೂ.

“ಮಕ್ಕಳ ವಾರ್ಡಿನ ಕೊನೇ ಗೋಡೆ. ಒಂದ್ಸಲ ನೋಡಿಬಿಟ್ರೆ ಬಣ್ಣದೋರಿಗೆ ಬಿಟ್ಟುಕೊಡಬಹುದು,” ಎಂದ.

ಮೂರು ಮಹಡಿ. ಲಿಫ್ಟು ಇನ್ನೂ ಬಂದಿಲ್ಲ. ಆತ ಮುಂದೆ, ಅವಳು ಹಿಂದೆ. ಆತನ ಹಿಮ್ಮಡಿಗಳ ಬಿರುಕಿನೊಳಗೆ ಸಿಮೆಂಟು ಬೂದಿಬಣ್ಣದ ಗೆರೆಗಳಾಗಿ ಕೂತಿತ್ತು. ಮೆಟ್ಟಿಲಿಗೆ ಒಂದೊಂದು ವಾಕ್ಯ ಸಿದ್ಧಮಾಡಿದಳು. ಮೇಸ್ತ್ರಿ, ನೀವು ಕೇಳಿಸ್ಕೊಂಡ್ರಿ ಅಂತ ಗೊತ್ತು. ಮೇಸ್ತ್ರಿ, ನಾನು ಮತ್ತೆ ಹೇಳ್ತೀನಿ, ನಾಳೆ ಹೇಳ್ತೀನಿ, ಪತ್ರ ಬರೀತೀನಿ. ಪತ್ರ ಬರೆಯುವುದಿಲ್ಲ ಎಂದು ಅವಳ ಕಾಲುಗಳಿಗೆ ಗೊತ್ತಿತ್ತು. ಒಂದನೆಯ ಮಹಡಿಯ ತಿರುವಿನಲ್ಲಿ ಆತ ಉಸಿರು ತೆಗೆದುಕೊಳ್ಳಲು ನಿಂತ.

“ಮಗು ಈಗ ಹೇಗಿದೆ?” ಎಂದ.

“ಚೆನ್ನಾಗಿದಾಳೆ. ಎರಡು ವರ್ಷ ಆಯ್ತು, ಏನೂ ತೊಂದರೆ ಇಲ್ಲ.”

“ಒಳ್ಳೇದಾಯ್ತು.” ಮತ್ತೆ ಹತ್ತತೊಡಗಿದ. ಎರಡನೆಯ ಮಹಡಿ ಬಂತು. ಆಮೇಲೆ ತಿರುಗದೆಯೇ, “ಕುಡೀತೀನಿ ಅಂದ್ರಾ?” ಎಂದ.

ಅವಳು ಕಂಬಿ ಹಿಡಿದಳು. “ಅಂದಾಜು ಮಾಡಿದ್ರು.”

“ಒಂದ್ಸಲ ಕುಡಿದಿದ್ದೆ. ತಂಗಿ ಮದುವೇಲಿ, ಭಾವ ಬಲವಂತ ಮಾಡಿದ ಅಂತ. ಅವನ ಹೊಸ ಬೂಟಿಗೇ ವಾಂತಿ ಮಾಡ್ಕೊಂಡೆ. ಇವತ್ತಿಗೂ ಅವನು ನಮ್ಮನೆಗೆ ಬಂದ್ರೆ ಬೂಟು ಬಿಚ್ಚಿ ಕಪಾಟಿನ ಮೇಲಿಡ್ತಾನೆ.” ಆತ ನಕ್ಕ. ಖಾಲಿ ಕಟ್ಟಡದಲ್ಲಿ ಆ ನಗು ಮೇಲೆ ಹೋಗಿ ಕೆಳಗಿಳಿಯಿತು. ಅವಳಿಗೂ ನಗು ಬಂತು, ಬಂದದ್ದಕ್ಕೆ ನಾಚಿಕೆಯಾಯಿತು. ಬೈದಿದ್ದರೆ ಹಗುರವಾಗುತ್ತಿತ್ತು. ತನ್ನಿಂದ ಆ ಹಗುರವನ್ನೂ ಕಿತ್ತುಕೊಳ್ಳುತ್ತಿದ್ದಾನೆ, ಬೇಕೆಂದೇ ಕಿತ್ತುಕೊಳ್ಳುತ್ತಿದ್ದಾನೆ ಎಂದು ಒಂದು ಗಳಿಗೆ ಆತನ ಮೇಲೆ ಸಿಟ್ಟೇ ಬಂತು.

ವಾರ್ಡಿನಲ್ಲಿ ಮಂಚಗಳಿನ್ನೂ ಬಂದಿರಲಿಲ್ಲ. ಪ್ರತಿ ಮಂಚಕ್ಕೆಂದು ಗೋಡೆಯಿಂದ ಹೊರಟ ಆಮ್ಲಜನಕದ ಕೊಳವೆಯ ಬಾಯಿಗಳಿಗೆ ಪ್ಲಾಸ್ಟಿಕ್ಕು ಸುತ್ತಿದ್ದರು. ಕೊನೆಯ ಗೋಡೆ ಉದ್ದಕ್ಕೆ, ಒಂದೇ ಬಣ್ಣಕ್ಕೆ, ಎಲ್ಲೂ ಕರಣೆಯ ಗುರುತಿಲ್ಲದೆ ನಿಂತಿತ್ತು. ಕಿಟಕಿಯ ಪಕ್ಕ ಅಂಟಿಸಿದ ಬಿಳಿಯ ಪುಟ್ಟ ಪೆಟ್ಟಿಗೆಯಲ್ಲಿ ಹಸಿರು ದೀಪ. ತೇವ ಅಳೆದು ನೇರವಾಗಿ ಜೋಯಿಸರಿಗೆ ಹೇಳುವ ಪೆಟ್ಟಿಗೆ, ಹೋದ ತಿಂಗಳು ಬಂದದ್ದು. ಒಣಗಿದೆ ಎಂದು ಅದು ಹೇಳಿಯಾಗಿತ್ತು. ಅವಳ ಸಹಿ ಈಗ ಬರೀ ಶಾಸ್ತ್ರ. ಇದೊಂದಾದರೂ ಆತ ಹೇಳಿದ ದಿನಕ್ಕೆ ಮುಗಿಯಲಿ, ಆತನ ಹೆಸರಿನಲ್ಲಿ ಒಂದಾದರೂ ಹಸಿರು ಸಾಲು ಉಳಿಯಲಿ ಎಂದುಕೊಂಡು ಅವಳು ಫೋನು ತೆಗೆದಳು.

“ಮುಟ್ಟಿ ನೋಡಿ ಮೇಡಂ,” ಎಂದ ಮೇಸ್ತ್ರಿ.

“ಪೆಟ್ಟಿಗೆ ಹಸಿರು ತೋರಿಸ್ತಿದೆಯಲ್ಲ.”

“ಅದು ಕಿಟಕಿ ಪಕ್ಕ ಇದೆ. ಗಾಳಿ ಆಡೋ ಜಾಗ. ಈ ಮೂಲೆಗೆ ಕೈ ಇಡಿ.”

ಅವಳು ಮೂಲೆಗೆ ಹೋಗಿ, ಮೊಣಕಾಲ ಎತ್ತರದಲ್ಲಿ, ಬಾಗಿ, ಕೈಯ ಹಿಂಬದಿಯನ್ನು ಗೋಡೆಗೆ ಒತ್ತಿದಳು. ತಣ್ಣಗಿತ್ತು. ಜ್ವರ ಬಿಟ್ಟಮೇಲೆ ಮಗುವಿನ ಕುತ್ತಿಗೆಯ ಮಡಿಕೆಯಲ್ಲಿ ಕೂತಿರುವ ಬೆವರಿನ ಹಾಗೆ, ಕಣ್ಣಿಗೆ ಕಾಣದ ಹಸಿ. ಕಣ್ಣು ಮುಚ್ಚಿದಳು. ಬೆಳಗ್ಗೆ ಕಾಲುಚೀಲ ಹಿಡಿದು ಕೂತಿದ್ದ ಮಗಳು, ಗುಳ್ಳೆಯೆದ್ದ ಜಿರಾಫೆ, ಬಸ್ಸಿನ ಗಾಜು. ಎಷ್ಟು ಹೊತ್ತು ಹಾಗೇ ಇದ್ದಳೋ. ಎದ್ದು ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ಒಣಗಿದೆ,” ಎಂದಳು.

ಮೇಸ್ತ್ರಿ ಅವಳ ಮುಖವನ್ನೇ ನೋಡಿದ. ಆರು ವರ್ಷದಲ್ಲಿ ಆತ ಹಾಗೆ ನೇರವಾಗಿ ನೋಡಿದ್ದು ಅದೇ ಮೊದಲು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಗೋಡೆ ನೆಟ್ಟಗಿದೆಯೋ ಇಲ್ಲವೋ ಎಂದು ಒಂದು ಕಣ್ಣು ಮುಚ್ಚಿ ನೋಡುವಾಗ ಇರುತ್ತದಲ್ಲ, ಅಂಥ ನೋಟ.

“ಒಣಗಿಲ್ಲ ತಾಯಿ,” ಎಂದ. “ನೀರಿನ ಪೈಪು ಇದರ ಹಿಂದೇನೇ ಹೋಗಿದೆ, ಅದನ್ನ ನಾನು ಲೆಕ್ಕಕ್ಕೆ ಹಿಡೀಲಿಲ್ಲ. ನನ್ನ ತಪ್ಪು. ಮಕ್ಕಳು ಮಲಗೋ ಜಾಗ, ಹಸಿ ಮೇಲೆ ಬಣ್ಣ ಬಳಿದ್ರೆ ಆರು ತಿಂಗಳಿಗೆ ಬೂಷ್ಟು ಬರತ್ತೆ. ಇನ್ನೂ ಎರಡು ದಿನ ಬೇಕು.” ಎರಡು ಬೆರಳು ಎತ್ತಿ ತೋರಿಸಿದ. “ಬರ್ಕೊಳ್ಳಿ. ಈ ಎರಡು ನಂದೇ.”

ಅವಳು ಫೋನಿನಲ್ಲಿ ಆತನ ಹೆಸರು ತೆರೆದಳು. ವಿಳಂಬ, ಎರಡು ದಿನ. ಕಾರಣ ಆರಿಸಿ ಎಂದಿತು ಪರದೆ. ಬೆರಳಿಗೆ ಅಭ್ಯಾಸವಾದ ಜಾಗದಲ್ಲಿ ‘ಒಣಗಿಲ್ಲ’ ಎಂಬ ಪದ ಇರಲಿಲ್ಲ. ಮೇಲಕ್ಕೆ ಸರಿಸಿದಳು, ಕೆಳಕ್ಕೆ ಸರಿಸಿದಳು. ಹೊಸ ಪಟ್ಟಿ, ಇವತ್ತಿನಿಂದಲೇ ಜಾರಿಗೆ ಬಂದದ್ದಿರಬೇಕು. ಸಾಮಗ್ರಿ ಬಂದಿಲ್ಲ. ಯಂತ್ರ ಕೆಟ್ಟಿದೆ. ಹವಾಮಾನ. ಕಾರ್ಮಿಕನ ಲೋಪ. ನಾಲ್ಕೇ. ಗೋಡೆಗಳು ಇನ್ನು ಒಣಗಬೇಕಾಗಿಲ್ಲದ ಲೋಕದಲ್ಲಿ ಒಣಗುವುದು ಒಂದು ಕಾರಣವಾಗಿ ಉಳಿದಿರಲಿಲ್ಲ. ಹವಾಮಾನ ಎಂಬುದರ ಮೇಲೆ ಬೆರಳಿಟ್ಟಳು. ‘ಈ ಸ್ಥಳದ ಹವಾಮಾನದೊಂದಿಗೆ ಹೊಂದುತ್ತಿಲ್ಲ’ ಎಂದು ತಿರಸ್ಕರಿಸಿತು. ಕಿಟಕಿಯ ಹೊರಗೆ ಬಿಸಿಲು ಧಗಧಗಿಸುತ್ತಿತ್ತು. ಮೇಸ್ತ್ರಿ ಕಾಯುತ್ತಿದ್ದ. ಅವಳು ನಾಲ್ಕನೆಯದನ್ನು ಒತ್ತಿದಳು. ಪರದೆ ಒಂದು ಸುತ್ತು ತಿರುಗಿ, ಆತನ ಹೆಸರಿನ ಮುಂದಿನ ಅಂಕೆಯಲ್ಲಿ ಕೊನೆಯ ಎರಡು ಹೋಗಿ ಮೂರು ಬಂತು.

“ಏನಂತ ಬರೆದ್ರಿ?” ಎಂದ ಮೇಸ್ತ್ರಿ.

ಅವಳು ಫೋನನ್ನು ಕೈಚೀಲದೊಳಗೆ ಹಾಕಿ ಜಿಪ್ಪು ಎಳೆದಳು.

“ಒಣಗಬೇಕು ಅಂತ,” ಎಂದಳು.

“ಅಷ್ಟು ಸಾಕು,” ಎಂದು ಆತ ಬಾಗಿ, ಗೋಡೆಯ ಬುಡದಲ್ಲಿ ಬಿದ್ದಿದ್ದ ಕರಣೆಯನ್ನು ಎತ್ತಿಕೊಂಡ.